ಒಂದೇ ಡೋಸ್ ಕೊಟ್ಟರೂ ಹೆಣ್ಣಿಲಿ ಯಾಕೆ ಜಾಸ್ತಿ ಓಡುತ್ತದೆ?

ನಿದ್ದೆಗೆಟ್ಟವಳು:
ಫಾರ್ಮಕಾಲಜಿ ಎಂ.ಎಸ್ಸಿ. ಓದುತ್ತಿದ್ದೇನೆ. ಸೆಮಿನಾರ್ ವಿಷಯ ಮಿಥೈಲ್‌ಫೆನಿಡೇಟ್, ಅದೇ ಎಡಿಎಚ್‌ಡಿಗೆ (ಗಮನ ನಿಲ್ಲದೆ ಚಡಪಡಿಸುವ ತೊಂದರೆಗೆ) ಕೊಡುವ ಮಾತ್ರೆ. ತೂಕಕ್ಕೆ ತಕ್ಕಂತೆ ಒಂದೇ ಡೋಸ್ ಕೊಟ್ಟರೂ ಹೆಣ್ಣಿಲಿಗಳೇ ಜಾಸ್ತಿ ಓಡಾಡುತ್ತವೆ ಅಂತ ಹಲವು ಪೇಪರ್‌ಗಳಲ್ಲಿ ಓದಿದೆ. ದಿನಾ ಕೊಡುತ್ತಾ ಹೋದರೆ ಓಟ ಇನ್ನೂ ಜೋರಾಗುತ್ತದಂತೆ. ಔಷಧಿ ಒಗ್ಗಿಹೋಗಿ ಪರಿಣಾಮ ಕಡಿಮೆ ಆಗಬೇಕಲ್ವಾ? ಗೆಳತಿ "ಈಸ್ಟ್ರೋಜನ್ ಅಂತ ಒಂದು ಸ್ಲೈಡ್ ಹಾಕಿ ಮುಗಿಸು" ಅನ್ನುತ್ತಾಳೆ. ಅಷ್ಟೇನಾ?

ಬೋನಿನ ಪಕ್ಕದವನು:
ಇಲಿಗಳ ಓಡಾಟ ಅಳೆಯುವುದೇ ನನ್ನ ಕೆಲಸ. ಹಾಗಾಗಿ ಉತ್ತರ ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ನಿಮ್ಮ ಗೆಳತಿ ಹೇಳಿದ್ದು ಅರ್ಧ ಸರಿ. ಮಿಷಿಗನ್ ವಿಶ್ವವಿದ್ಯಾಲಯದ ಜಿಲ್ ಬೆಕರ್ ಇದರ ಮೇಲೆ ದಶಕಗಳಿಂದ ಕೆಲಸ ಮಾಡಿದ್ದಾರೆ. ಅಂಡಾಶಯ ತೆಗೆದ ಇಲಿಯಲ್ಲಿ ಆಂಫೆಟಮೈನ್‌ನ (ಮಿಥೈಲ್‌ಫೆನಿಡೇಟ್‌ನಂತೆಯೇ ಚುರುಕು ಏರಿಸುವ ಇನ್ನೊಂದು ಔಷಧಿ) ಪರಿಣಾಮ ತಗ್ಗುತ್ತದೆ. ಎಸ್ಟ್ರಡೈಯಾಲ್ (ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್‌ನ ಒಂದು ರೂಪ) ಕೊಟ್ಟರೆ ಮತ್ತೆ ಏರುತ್ತದೆ. ಮಿದುಳಿನ ಸ್ಟ್ರಯೇಟಂ ಭಾಗದಲ್ಲಿ ಡೋಪಮೈನ್ (ನರಕೋಶಗಳ ನಡುವೆ ಸಂದೇಶ ಒಯ್ದು ಓಡಾಟಕ್ಕೆ ಚಾಲನೆ ಕೊಡುವ ರಾಸಾಯನಿಕ) ಹೊರಬರುವುದನ್ನು ಈ ಹಾರ್ಮೋನ್ ಹೆಚ್ಚಿಸುತ್ತದೆ. ಹೊರಬಂದ ಡೋಪಮೈನ್ ವಾಪಸ್ ಒಳಗೆ ಹೋಗದಂತೆ ಮಿಥೈಲ್‌ಫೆನಿಡೇಟ್ ಬಾಗಿಲು ಮುಚ್ಚುತ್ತದೆ. ಜಾಸ್ತಿ ಬಂದಷ್ಟೂ ಜಾಸ್ತಿ ಉಳಿಯುತ್ತದೆ. ಇಲಿಯ ಋತುಚಕ್ರ 4–5 ದಿನದ್ದು, ಅದರ ಯಾವ ದಿನ ಅಳೆದಿರಿ ಅನ್ನುವುದರ ಮೇಲೂ ಫಲಿತಾಂಶ ಬದಲಾಗುತ್ತದೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಸೆಮಿನಾರ್‌ನಲ್ಲಿ ಯಾರಾದರೂ ಲಿವರ್ ಬಗ್ಗೆ ಕೇಳಿ ನಿಮ್ಮನ್ನು ಸಿಕ್ಕಿಸುತ್ತಾರೆ. ಗಂಡಿಲಿಯ ಲಿವರ್ ಆಂಫೆಟಮೈನನ್ನು ಬೇಗ ಒಡೆದುಹಾಕುತ್ತದೆ. ಅಂದರೆ ಸೂಜಿಯಲ್ಲಿದ್ದ ಡೋಸ್ ಒಂದೇ ಆದರೂ ಹೆಣ್ಣಿನ ಮಿದುಳಿಗೆ ಸಿಗುವುದು ಜಾಸ್ತಿ. "ಹೆಣ್ಣಿನ ಮಿದುಳು ಹೆಚ್ಚು ಸ್ಪಂದಿಸುತ್ತದೆ" ಅನ್ನುವುದು ಬೇರೆ, "ಹೆಣ್ಣಿನ ಮಿದುಳಿಗೆ ಹೆಚ್ಚು ಔಷಧಿ ತಲುಪಿತು" ಅನ್ನುವುದು ಬೇರೆ. ಆಂಫೆಟಮೈನ್ ವಿಷಯದಲ್ಲಿ ಎರಡೂ ನಿಜ: ಮಿದುಳಿನಲ್ಲಿ ಔಷಧಿಯ ಮಟ್ಟ ಸಮ ಮಾಡಿ ನೋಡಿದರೂ ಅಂತರ ಪೂರ್ತಿ ಹೋಗಲಿಲ್ಲ. ಮಿಥೈಲ್‌ಫೆನಿಡೇಟನ್ನು ಒಡೆಯುವುದು ಬೇರೆ ಜಾತಿಯ ಎನ್‌ಜೈಮ್, ಎಸ್ಟರೇಸ್. ಅಲ್ಲಿನ ಲೆಕ್ಕ ತಂದು ಇಲ್ಲಿ ಅಂಟಿಸಬೇಡಿ. ರಕ್ತದ ಮಟ್ಟ ಅಳೆಯದೆ "ಹೆಣ್ಣು ಹೆಚ್ಚು ಸೂಕ್ಷ್ಮ" ಅಂತ ತೀರ್ಪು ಕೊಡುವ ಪೇಪರ್ ಕಂಡರೆ ನನಗಂತೂ ರೇಗುತ್ತದೆ.

ಒಗ್ಗುವ ಪ್ರಶ್ನೆಗೆ ಬರೋಣ. ಅದು ಕೊಡುವ ರೀತಿಯ ಮೇಲಿದೆ. ಬಿಟ್ಟು ಬಿಟ್ಟು ಇಂಜೆಕ್ಷನ್ ಕೊಟ್ಟರೆ ಓಟ ಏರುತ್ತಾ ಹೋಗುತ್ತದೆ, ಇದಕ್ಕೆ ಸೆನ್ಸಿಟೈಸೇಷನ್ ಅನ್ನುತ್ತಾರೆ. ಪಂಪ್ ಇಟ್ಟು ಎಡೆಬಿಡದೆ ಹರಿಸಿದರೆ ಒಗ್ಗುವುದೇ ಜಾಸ್ತಿ. ಇನ್ನೊಂದು ಕಿರಿಕಿರಿ: ಇಲಿ ರಾತ್ರಿ ಎಚ್ಚರ ಇರುವ ಪ್ರಾಣಿ. ನಮ್ಮ ಅನುಕೂಲಕ್ಕೆ ಬೆಳಿಗ್ಗೆ ಹತ್ತಕ್ಕೆ ಚುಚ್ಚುತ್ತೇವೆ, ಅದು ಅವುಗಳ ಮಲಗುವ ಹೊತ್ತು. ಮಕ್ಕಳಿಗೆ ರಾತ್ರಿ ಎಬ್ಬಿಸಿ ಈ ಮಾತ್ರೆ ಕೊಡುತ್ತೇವಾ?

ಲಿವರ್ ಸ್ಲೈಡ್:
ಟಾಕ್ಸಿಕಾಲಜಿ ಕಡೆಯಿಂದ ಒಂದು ಮಾತು. ಎಲ್ಲದರಲ್ಲೂ ಹೆಣ್ಣೇ ಮುಂದೆ ಅಂದುಕೊಳ್ಳಬೇಡಿ. ಬಿ6ಸಿ3ಎಫ್1 ತಳಿಯ ಸುಂಡಿಲಿಗಳಿಗೆ ಜೀವನಪೂರ್ತಿ ಮಿಥೈಲ್‌ಫೆನಿಡೇಟ್ ಕೊಟ್ಟ ಅಧ್ಯಯನ ಇದೆ. ದಿನಕ್ಕೆ ಕೆಜಿಗೆ ಸುಮಾರು 60 ಮಿ.ಗ್ರಾಂ. ಮಟ್ಟದಲ್ಲಿ ಗಂಡು, ಹೆಣ್ಣು ಎರಡರಲ್ಲೂ ಲಿವರ್‌ನ ಅಡಿನೋಮಾ (ಕ್ಯಾನ್ಸರ್ ಅಲ್ಲದ ಗಡ್ಡೆ) ಹೆಚ್ಚಾಯಿತು. ಹೆಪಟೋಬ್ಲಾಸ್ಟೋಮಾ (ಲಿವರ್‌ನ ಒಂದು ಕ್ಯಾನ್ಸರ್ ಗಡ್ಡೆ) ಹೆಚ್ಚಾಗಿದ್ದು ಗಂಡಿನಲ್ಲಿ ಮಾತ್ರ. ಎಫ್344 ತಳಿಯ ಇಲಿಗಳಲ್ಲಿ ಗಡ್ಡೆ ಹೆಚ್ಚಲೇ ಇಲ್ಲ. ಈ ತಳಿಯ ಸುಂಡಿಲಿಗೆ ಔಷಧಿ ಇಲ್ಲದೆಯೂ ಲಿವರ್ ಗಡ್ಡೆ ಬರುವುದು ಜಾಸ್ತಿ, ಅದನ್ನು ನೆನಪಿಟ್ಟು ಓದಿ.

ಉಲ್ಟಾ ಉದಾಹರಣೆಯೂ ಇದೆ. ಹುಟ್ಟಿದ 7ನೇ ದಿನದಿಂದ 10ನೇ ವಾರದವರೆಗೆ ಇಲಿಮರಿಗಳಿಗೆ ಕೊಟ್ಟು, ದೊಡ್ಡವಾದ ಮೇಲೆ ಪರೀಕ್ಷಿಸಿದರು. ದಿನಕ್ಕೆ ಕೆಜಿಗೆ 50 ಮಿ.ಗ್ರಾಂ. ಮತ್ತು ಅದಕ್ಕಿಂತ ಮೇಲೆ ತೆಗೆದುಕೊಂಡ ಎರಡೂ ಲಿಂಗದವು ಮಂಕಾಗಿದ್ದವು, ತಾವಾಗಿ ಓಡಾಡುವುದು ಕಡಿಮೆ ಆಗಿತ್ತು. ಒಂದು ಕಲಿಕೆಯ ಪರೀಕ್ಷೆಯಲ್ಲಿ ಹಿಂದೆ ಬಿದ್ದದ್ದು ಮಾತ್ರ ದಿನಕ್ಕೆ ಕೆಜಿಗೆ 100 ಮಿ.ಗ್ರಾಂ. ಪಡೆದ ಹೆಣ್ಣುಗಳು. ಎರಡೂ ವಿಷಯ ಔಷಧಿಯ ಅಧಿಕೃತ ಮಾಹಿತಿ ಪತ್ರದಲ್ಲೇ ಇವೆ. ಯಾರೂ ಆ ಸಣ್ಣ ಅಕ್ಷರ ಓದುವುದಿಲ್ಲ, ಅಷ್ಟೇ.

ನಿದ್ದೆಗೆಟ್ಟವಳು:
ಇಬ್ಬರಿಗೂ ಥ್ಯಾಂಕ್ಸ್. ಹಾಗಾದರೆ ಹೆಣ್ಣುಮಕ್ಕಳಿಗೆ ಡೋಸ್ ಕಡಿಮೆ ಇರಬೇಕು ಅಂತ ಹೇಳಬಹುದಾ? ಮತ್ತೆ, ಹಳೆಯ ಪೇಪರ್‌ಗಳಲ್ಲಿ ಬರೀ ಗಂಡಿಲಿಗಳೇ ಯಾಕೆ?

ಬೋನಿನ ಪಕ್ಕದವನು:
ಮೊದಲನೆಯದಕ್ಕೆ, ಬೇಡ. ಮಗುವಿಗೆ ಡಾಕ್ಟರು ಕಡಿಮೆಯಿಂದ ಶುರು ಮಾಡಿ, ಪರಿಣಾಮ ನೋಡಿಕೊಂಡು ಏರಿಸುತ್ತಾರೆ. ಇಲಿಗೆ ಹಾಗಿಲ್ಲ, ಮೊದಲೇ ಬರೆದಿಟ್ಟ ಡೋಸ್ ಎಲ್ಲದಕ್ಕೂ. ಅದೂ ಅಲ್ಲದೆ ಗಂಡು–ಹೆಣ್ಣು ಲಿವರ್‌ಗಳ ನಡುವಿನ ಅಂತರ ಮನುಷ್ಯರಿಗಿಂತ ಇಲಿಗಳಲ್ಲಿ ತುಂಬಾ ದೊಡ್ಡದು.

ಎರಡನೆಯದಕ್ಕೆ ಕಾರಣ ಒಂದು ಹಳೆಯ ಭಯ. ಋತುಚಕ್ರ ಇರುವುದರಿಂದ ಹೆಣ್ಣಿನ ಅಂಕಿಅಂಶ ಚೆಲ್ಲಾಪಿಲ್ಲಿ ಆಗುತ್ತದೆ ಅಂತ. 2009ರ ಪೇಪರ್‌ಗಳನ್ನು ಎಣಿಸಿದಾಗ ನರವಿಜ್ಞಾನದಲ್ಲಿ ಬರೀ ಹೆಣ್ಣು ಬಳಸಿದ ಒಂದು ಅಧ್ಯಯನಕ್ಕೆ ಬರೀ ಗಂಡು ಬಳಸಿದವು 5.5 ಇದ್ದವು. ಆಮೇಲೆ 2014ರಲ್ಲಿ ಸುಂಡಿಲಿಗಳ 293 ಪೇಪರ್ ಸೇರಿಸಿ ನೋಡಿದರೆ ಹೆಣ್ಣಿನ ಏರುಪೇರು ಗಂಡಿಗಿಂತ ಜಾಸ್ತಿ ಏನೂ ಇರಲಿಲ್ಲ. ಅಮೆರಿಕದಲ್ಲಿ ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್ 2016ರಿಂದ ಅನುದಾನದ ಅರ್ಜಿಗಳಲ್ಲಿ ಲಿಂಗವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ಹೇಳಿತು.

ಸ್ಲೈಡ್ ಮಾಡುವಾಗ ಪ್ರತಿ ಪೇಪರ್‌ಗೂ ನಾಲ್ಕು ಕಾಲಂ ಇಡಿ: ಬಾಯಿಗೋ ಸೂಜಿಯೋ, ಹಗಲೋ ರಾತ್ರಿಯೋ, ಶುರು ಮಾಡಿದಾಗ ವಯಸ್ಸು ಎಷ್ಟು, ರಕ್ತದ ಮಟ್ಟ ಅಳೆದರಾ ಇಲ್ವಾ. ಕೊನೆಯದು ಬಹಳಷ್ಟು ಕಡೆ ಖಾಲಿ ಇರುತ್ತದೆ. ಖಾಲಿಯಾಗಿಯೇ ತೋರಿಸಿ.