ಕಪ್ಪಿನ ಮೇಲೆ ಹೆಸರು ಕೆತ್ತುವ ಮೊದಲು

ತಂಗಿ: ನಮ್ಮ ಸೇಲಿಂಗ್ ಕ್ಲಬ್ಬಿನ ಶನಿವಾರ ಸಂಜೆಯ ಪ್ರಶಸ್ತಿ ಸಮಾರಂಭದ ಕರಡು ಪಟ್ಟಿಯನ್ನು ಮೇಲೆ ಹಾಕಿದ್ದೇನೆ. ರೇಸಿನ ಸ್ಥಾನವೇ ಅಂಕ, ಒಟ್ಟು ಕಡಿಮೆ ಇದ್ದವರು ಗೆದ್ದಂತೆ, ಆದ್ದರಿಂದ ಸೀಸನ್ ಕಪ್ 14 ಅಂಕಗಳ ದೊಡ್ಡಪ್ಪನಿಗೆ, ಎರಡನೆಯ ಸ್ಥಾನ 18 ಅಂಕಗಳ ಅತ್ತೆಗೆ. ಅತ್ತೆಗೆ ಕ್ರೀಡಾಮನೋಭಾವದ ಫಲಕವೂ ಇದೆ. ಕೆತ್ತುವವರಿಗೆ ನಾಳೆ ಬೆಳಿಗ್ಗೆ ಹೆಸರುಗಳನ್ನು ಕೊಡಬೇಕಾಗಿರುವುದರಿಂದ ತಪ್ಪೇನಾದರೂ ಇದ್ದರೆ ಇಂದೇ ತಿಳಿಸಿ.

ನಾನು: ತಪ್ಪು ಇದೆ ಎಂದು ನನಗೆ ಅನ್ನಿಸುತ್ತದೆ, ಮತ್ತು ಅದನ್ನು ದೊಡ್ಡಪ್ಪನ ಎದುರಿಗೇ ಹೇಳಬೇಕಾಗಿರುವುದರಿಂದ ಮೊದಲೇ ಕ್ಷಮೆ ಕೇಳುತ್ತೇನೆ. ಆರನೆಯ ರೇಸಿನಲ್ಲಿ ಅತ್ತೆಗೆ ಒಂಬತ್ತನೆಯ ಸ್ಥಾನ ಎಂದು ಬರೆದಿದೆ. ಅವರು ಒಂಬತ್ತನೆಯವರಾಗಿ ಬಂದದ್ದು ನಿಜ, ಆದರೆ ಏಕೆ ಹಾಗೆ ಬಂದರು ಎಂಬುದು ಶೀಟಿನ ಯಾವ ಕಾಲಂನಲ್ಲಿಯೂ ಇಲ್ಲ. ಐದನೆಯ ಮತ್ತು ಒಂಬತ್ತನೆಯ ರೇಸುಗಳಲ್ಲಿ ಅವರು ರೆಸ್ಕ್ಯೂ ಬೋಟಿನ ಡ್ಯೂಟಿಯಲ್ಲಿದ್ದರು. ಅಲ್ಲಿ ಗೈರುಹಾಜರಿಗೆ ಕೊಡುವ 13 ಅಂಕಗಳನ್ನೇ ಹಾಕಲಾಗಿದೆ.

ಚಿಕ್ಕಪ್ಪ: ಶೀಟು ನಾನೇ ತಯಾರಿಸಿದ್ದು, ಆದ್ದರಿಂದ ಉತ್ತರವೂ ನನ್ನದೇ. ಹನ್ನೆರಡು ದೋಣಿಗಳು ಹೆಸರು ನೋಂದಾಯಿಸಿದ ಸರಣಿಯಲ್ಲಿ ಬಾರದವರಿಗೆ 13 ಅಂಕ ಎಂಬುದು ಎಲ್ಲರಿಗೂ ತಿಳಿದ ಲೆಕ್ಕ. ಹತ್ತು ರೇಸುಗಳಲ್ಲಿ ಪ್ರತಿಯೊಬ್ಬರ ಎರಡು ಕೆಟ್ಟ ಫಲಿತಾಂಶಗಳನ್ನು ಕೈಬಿಡುತ್ತೇವೆ, ಮತ್ತು ಅಕ್ಕನ ಎರಡು ಹದಿಮೂರುಗಳೂ ಹಾಗೆಯೇ ಬಿಟ್ಟುಹೋಗಿವೆ. ಡ್ಯೂಟಿಯಿಂದ ಅವಳಿಗೆ ಒಂದು ಅಂಕದ ನಷ್ಟವೂ ಆಗಿಲ್ಲ. ಆರನೆಯ ರೇಸಿನ ವಿಷಯಕ್ಕೆ ಫಲಕ ಕೊಡುತ್ತಿದ್ದೇವೆ, ಅದು ಸಣ್ಣ ಗೌರವವೇನೂ ಅಲ್ಲ.

ನಾನು: ಚಿಕ್ಕಪ್ಪ, ನಷ್ಟವಾಗಿರುವುದು ಅಲ್ಲಿಯೇ. ಎರಡು ಫಲಿತಾಂಶಗಳನ್ನು ಕೈಬಿಡುವ ಸೌಲಭ್ಯ ಇರುವುದು ಗಾಳಿ ಕೈಕೊಟ್ಟ ದಿನಕ್ಕೆ, ಹಗ್ಗ ತುಂಡಾದ ದಿನಕ್ಕೆ, ನಮ್ಮದೇ ತಪ್ಪಿನಿಂದ ಹಿಂದೆ ಬಿದ್ದ ದಿನಕ್ಕೆ. ದೊಡ್ಡಪ್ಪನ ನಾಲ್ಕನೆಯ ಸ್ಥಾನ ಮತ್ತು ಒಂದು ಮೂರನೆಯ ಸ್ಥಾನ ಆ ಸೌಲಭ್ಯದಲ್ಲಿ ಹೋದವು. ಅತ್ತೆಯ ಪಾಲಿನ ಎರಡನ್ನೂ ಕ್ಲಬ್ಬಿನ ಕೆಲಸವೇ ತಿಂದುಹಾಕಿತು. ಆದ್ದರಿಂದಲೇ ಆರನೆಯ ರೇಸಿನ ಒಂಬತ್ತು ಅಂಕಗಳು ಅವರ ಲೆಕ್ಕದಲ್ಲಿ ಹಾಗೆಯೇ ಉಳಿದವು. ಡ್ಯೂಟಿ ಮಾಡಿದವರಿಗೆ ಸರಾಸರಿ ಅಂಕ ಕೊಡಬೇಕೆಂದು ನಮ್ಮ ಸೇಲಿಂಗ್ ಸೂಚನೆಗಳಲ್ಲಿಯೇ ಬರೆದಿದೆಯಲ್ಲವೇ?

ಚಿಕ್ಕಪ್ಪ: ಬರೆದಿದೆ. ಆದರೆ ಕೇಳಿದವರಿಗೆ ಮಾತ್ರ ಹಾಕುತ್ತಾ ಬಂದಿದ್ದೇವೆ. ಅಕ್ಕ ಕೇಳಲಿಲ್ಲ.

ತಂಗಿ: ಆರನೆಯ ರೇಸಿನ ದಿನ ನಾನು ದಡದಲ್ಲಿದ್ದೆ, ಸರಿಯಾಗಿ ಕಾಣಿಸಲಿಲ್ಲ. ಅಲ್ಲಿ ಏನಾಯಿತು ಎಂಬುದನ್ನು ಕಂಡವರು ಒಮ್ಮೆ ಪೂರ್ತಿಯಾಗಿ ಬರೆಯಬಹುದೇ?

ನಾನು: ನಾನು ಅತ್ತೆಯ ದೋಣಿಯಲ್ಲಿ ಮುಂದಿನ ಹಾಯಿ ಹಿಡಿದು ಕುಳಿತಿದ್ದೆ, ಆದ್ದರಿಂದ ನಾನೇ ಬರೆಯುತ್ತೇನೆ. ಎರಡನೆಯ ಬೋಯ್ (ದಾರಿ ತೋರಿಸುವ ತೇಲುಗುರುತು) ಸುತ್ತಿ ಮುಂದಕ್ಕೆ ಹೊರಟಾಗ ಎಡಕ್ಕೆ ಒಂದು ಸಣ್ಣ ದೋಣಿ ಮಗುಚಿತು. ಪಕ್ಕಕ್ಕೆ ಬಿದ್ದದ್ದಷ್ಟೇ ಆಗಿದ್ದರೆ ಹುಡುಗ ತಾನೇ ಎತ್ತಿಕೊಳ್ಳುತ್ತಿದ್ದ, ಆದರೆ ಅದು ಪೂರ್ತಿ ತಲೆಕೆಳಗಾಗಿ, ಕೂವೆಮರ ನೇರವಾಗಿ ಕೆಳಕ್ಕೆ ಹೋಗಿ, ತಳ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ರೆಸ್ಕ್ಯೂ ಬೋಟು ಆ ಹೊತ್ತಿಗೆ ಇನ್ನೊಂದು ತುದಿಯಲ್ಲಿ ಬೇರೆ ದೋಣಿಯ ಹತ್ತಿರ ಇತ್ತು. ಅತ್ತೆ ನನ್ನನ್ನು ಏನೂ ಕೇಳದೆ ಚುಕ್ಕಾಣಿ ತಿರುಗಿಸಿದರು. ಹತ್ತಿರ ಹೋದಾಗ ಹುಡುಗನ ಮುಖ ನೀರಿನ ಮೇಲಿತ್ತು, ಆದರೆ ದೊಡ್ಡ ಹಾಯಿಯ ಹಗ್ಗ ಅವನ ಕಣಕಾಲಿಗೆ ಎರಡು ಸುತ್ತು ಬಿಗಿದಿತ್ತು, ಮತ್ತು ಅಲೆ ಬಂದಾಗಲೆಲ್ಲ ದೋಣಿ ಅವನನ್ನು ಕೆಳಕ್ಕೆ ಜಗ್ಗುತ್ತಿತ್ತು. ಅತ್ತೆ ಹಾಯಿಗಳನ್ನು ಸಡಿಲ ಬಿಡಿಸಿ, ಹೊಟ್ಟೆಯ ಮೇಲೆ ಅಂಚಿಗೆ ಮಲಗಿ, ಒಂದು ಕೈಯಲ್ಲಿ ಅವನ ಲೈಫ್ ಜಾಕೆಟಿನ ಭುಜದ ಪಟ್ಟಿಯನ್ನು ಹಿಡಿದುಕೊಂಡು ಇನ್ನೊಂದು ಕೈಯಿಂದ ಆ ಸುತ್ತುಗಳನ್ನು ಬಿಡಿಸಿದರು. ರೆಸ್ಕ್ಯೂ ಬೋಟು ಬಂದು ಅವನನ್ನು ಎತ್ತಿಕೊಳ್ಳುವವರೆಗೆ ಅವರು ಆ ಪಟ್ಟಿಯನ್ನು ಬಿಡಲಿಲ್ಲ. ಆಮೇಲೆ ನಾವು ರೇಸ್ ಮುಗಿಸಿದೆವು.

ದೊಡ್ಡಪ್ಪ: ನಾನು ಇಷ್ಟು ಹೊತ್ತು ಓದುತ್ತಿದ್ದೆ. ಕಪ್ ನನಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು ಬದಿಗಿಟ್ಟು ಒಂದು ಮಾತು ಹೇಳುತ್ತೇನೆ. ರಿಡ್ರೆಸ್, ಅಂದರೆ ತಮ್ಮ ತಪ್ಪಿಲ್ಲದೆ ಆದ ನಷ್ಟಕ್ಕೆ ಪರಿಹಾರ, ಕೇಳುವವರು ಬರಹದಲ್ಲಿ, ನಿಗದಿಯಾದ ಅವಧಿಯೊಳಗೆ ಕೇಳಬೇಕು. ಸೀಸನ್ ಮುಗಿದ ಮೇಲೆ, ಅದೂ ಸಮಾರಂಭಕ್ಕೆ ಮೂರು ದಿನ ಇರುವಾಗ, ಮನೆಯವರ ಗುಂಪಿನಲ್ಲಿ ಅಂಕ ತಿದ್ದಿದರೆ ಉಳಿದ ಹತ್ತು ದೋಣಿಗಳವರು ಏನೆಂದುಕೊಳ್ಳುತ್ತಾರೆ? ಒಂದೇ ಮನೆಯವರು ಕಪ್ಪನ್ನು ತಮ್ಮೊಳಗೆ ಹಂಚಿಕೊಂಡರು ಎಂಬ ಮಾತು ನನಗೆ ಬೇಡ.

ನಾನು: ದೊಡ್ಡಪ್ಪ, ಆ ಭಯ ನ್ಯಾಯವಾದದ್ದು, ಆದ್ದರಿಂದ ಇಲ್ಲಿ ಯಾರೂ ಅಂಕ ತಿದ್ದಬಾರದು. ನಾನು ಕೇಳುತ್ತಿರುವುದು ವಿಷಯವನ್ನು ರೇಸಿನ ದೂರುಗಳನ್ನು ವಿಚಾರಿಸುವ ಪ್ರೊಟೆಸ್ಟ್ ಕಮಿಟಿಯ ಮುಂದೆ ಇಡಬೇಕು ಎಂದಷ್ಟೇ. ಸರಿಯಾದ ಕಾರಣವಿದ್ದರೆ ಅವಧಿಯನ್ನು ಅವರೇ ವಿಸ್ತರಿಸಬಹುದು. ಯಾರೂ ಅರ್ಜಿ ಹಾಕದಿದ್ದರೂ ರಿಡ್ರೆಸ್ ವಿಚಾರಣೆಯನ್ನು ತಾವಾಗಿಯೇ ಕರೆಯಬಹುದು. ಅಪಾಯದಲ್ಲಿರುವವರಿಗೆ ಸಾಧ್ಯವಾದ ಎಲ್ಲ ನೆರವನ್ನೂ ಕೊಡಬೇಕು ಎಂಬುದು ಸೇಲಿಂಗ್ ನಿಯಮ ಪುಸ್ತಕದ 1.1ನೆಯ ನಿಯಮ, ಮತ್ತು ಅದನ್ನು ಪಾಲಿಸಿದ್ದರಿಂದ ಸ್ಥಾನ ಕಳೆದುಕೊಂಡವರಿಗೆ ರಿಡ್ರೆಸ್ ಕೊಡಲು ಅದೇ ಪುಸ್ತಕದಲ್ಲಿ ಅವಕಾಶವಿದೆ.

ಫಲಕದ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ, ಪುಸಾನ್ ಸಮುದ್ರದಲ್ಲಿ, ಒಬ್ಬರೇ ನಡೆಸುವ ಫಿನ್ ತರಗತಿಯ ದೋಣಿಗಳ ಒಂದು ರೇಸಿನಲ್ಲಿ ಎರಡನೆಯ ಸ್ಥಾನದಲ್ಲಿದ್ದ ಕೆನಡಾದ ಲಾರೆನ್ಸ್ ಲೆಮ್ಯೂ, ನೀರಿಗೆ ಬಿದ್ದ ಸಿಂಗಾಪುರದ ಇಬ್ಬರು ನಾವಿಕರನ್ನು ಕಾಪಾಡಲು ರೇಸ್ ಬಿಟ್ಟು ತಿರುಗಿದರು. ಅವರಿಗೆ ಕ್ರೀಡಾಮನೋಭಾವಕ್ಕಾಗಿ ಪಿಯರ್ ದ ಕುಬರ್ತಾ ಪದಕ ಸಿಕ್ಕಿದ್ದನ್ನು ಎಲ್ಲರೂ ನೆನೆಯುತ್ತಾರೆ, ಆದರೆ ತೀರ್ಪುಗಾರರು ಆ ರೇಸಿನಲ್ಲಿ ಅವರಿಗೆ ಎರಡನೆಯ ಸ್ಥಾನವನ್ನು ಮರಳಿ ಕೊಟ್ಟದ್ದನ್ನು ಹೆಚ್ಚಿನವರು ಮರೆಯುತ್ತಾರೆ. ಪದಕ ಬೇರೆ, ಸ್ಥಾನ ಬೇರೆ. ಒಂದನ್ನು ಕೊಟ್ಟು ಇನ್ನೊಂದನ್ನು ಇಟ್ಟುಕೊಳ್ಳಲಿಲ್ಲ. ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ರೇಸಾದ 2020–21ರ ವಾಂದೆ ಗ್ಲೋಬ್‌ನಲ್ಲಿ ಗುರಿಯನ್ನು ಮೊದಲು ದಾಟಿದವರು ಶಾರ್ಲಿ ದಾಲಿನ್. ಆದರೂ ದೋಣಿ ಮುಳುಗಿದ ಸಹಸ್ಪರ್ಧಿ ಕೆವಿನ್ ಎಸ್ಕೋಫಿಯೆಯವರ ಹುಡುಕಾಟದಲ್ಲಿ ಕಳೆದ ಹೊತ್ತಿಗಾಗಿ ಯಾನಿಕ್ ಬೆಸ್ತಾವೆನ್ ಅವರಿಗೆ 10 ಗಂಟೆ 15 ನಿಮಿಷಗಳನ್ನು ಕಳೆದು ಲೆಕ್ಕ ಹಾಕಿದಾಗ ಗೆದ್ದವರು ಬೆಸ್ತಾವೆನ್. ಅಷ್ಟು ದೊಡ್ಡ ರೇಸಿನ ಗೆಲುವನ್ನೇ ಹಾಗೆ ನಿರ್ಧರಿಸಬಹುದಾದರೆ ನಮ್ಮ ಕಪ್ಪಿಗೆ ಅದು ಅವಮಾನವಾಗುವುದಿಲ್ಲ.

ಚಿಕ್ಕಪ್ಪ: ತತ್ತ್ವವನ್ನು ಒಪ್ಪುತ್ತೇನೆ, ಆದರೆ ಅಂಕ ಹಾಕುವವನಿಗೆ ಸಂಖ್ಯೆ ಬೇಕು. ಆ ಕ್ಷಣದಲ್ಲಿ ಅಕ್ಕ ಎಷ್ಟನೆಯವಳಾಗಿದ್ದಳು? ನಮ್ಮದು ಬೇರೆ ಬೇರೆ ತರಗತಿಯ ದೋಣಿಗಳ ರೇಸು, ನೀರಿನ ಮೇಲೆ ಮುಂದಿರುವವರೆಲ್ಲ ಲೆಕ್ಕದಲ್ಲಿ ಮುಂದಿರುವುದಿಲ್ಲ.

ನಾನು: ಎರಡನೆಯ ಬೋಯ್ ಸುತ್ತಿದ ಸಮಯಗಳನ್ನು ರೇಸ್ ನಡೆಸುವ ಕಮಿಟಿ ಬೋಟಿನವರು ಬರೆದುಕೊಂಡಿದ್ದಾರಲ್ಲವೇ?

ಚಿಕ್ಕಪ್ಪ: ಹೌದು, ಈಗ ತೆಗೆದು ನೋಡಿದೆ. ಅಣ್ಣ 22 ನಿಮಿಷಕ್ಕೆ ಸುತ್ತಿದ್ದಾನೆ. ಬೇರೆ ಬೇರೆ ವೇಗದ ದೋಣಿಗಳನ್ನು ಸರಿದೂಗಿಸುವ ಪೋರ್ಟ್ಸ್‌ಮತ್ ಸಂಖ್ಯೆ ಅವನ ದೋಣಿಗೆ 1100, ಸಮಯವನ್ನು 1000ದಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಿದರೆ ಸರಿಯಾಗಿ 20 ನಿಮಿಷ. ಅಕ್ಕ ಸುತ್ತಿದ್ದು 21 ನಿಮಿಷಕ್ಕೆ, ಅವಳ ಸಂಖ್ಯೆ 1040, ಅಲ್ಲಿಗೆ 20 ನಿಮಿಷ 12 ಸೆಕೆಂಡು. ಹೀಗೆ ಲೆಕ್ಕ ಹಾಕಿದರೆ ಉಳಿದವರೆಲ್ಲರೂ 21 ನಿಮಿಷದ ಆಚೆ ಇದ್ದಾರೆ. ಅವಳು ಎರಡನೆಯವಳು. ಕಮಿಟಿ ಆ ಸ್ಥಾನವನ್ನೇ ಕೊಟ್ಟರೆ ಒಂಬತ್ತರ ಜಾಗದಲ್ಲಿ ಎರಡು ಬಂದು, ಅವಳ ಒಟ್ಟು ಅಂಕ 18ರಿಂದ 11ಕ್ಕೆ ಇಳಿಯುತ್ತದೆ. ಇನ್ನೊಂದನ್ನೂ ನಾನೇ ಹೇಳಬೇಕು. ರಿಡ್ರೆಸ್ ಕೊಡದೆ ಡ್ಯೂಟಿಯ ಸರಾಸರಿಯನ್ನು ಮಾತ್ರ ಹಾಕಿದರೂ, ಆ ಎರಡು ದಿನಗಳಿಗೆ ತಲಾ 2.3 ಅಂಕ ಬಂದು, ಹದಿಮೂರುಗಳ ಬದಲು ಆರನೆಯ ರೇಸಿನ ಒಂಬತ್ತು ಮತ್ತು ಒಂದು 2.3 ಬಿಟ್ಟುಹೋಗಿ, ಒಟ್ಟು 11.3 ಆಗುತ್ತದೆ. ಅಂದರೆ ನಾನು ನನ್ನ ಕೆಲಸವನ್ನು ಸರಿಯಾಗಿ ಮಾಡಿದ್ದರೆ ಈ ಪಟ್ಟಿ ಮೊದಲಿನಿಂದಲೇ ಬೇರೆಯಾಗಿರುತ್ತಿತ್ತು.

ದೊಡ್ಡಪ್ಪ: ಹಾಗಾದರೆ ಕಮಿಟಿಗೆ ನಾನೇ ಬರೆಯುತ್ತೇನೆ. ಅಂದು ನಾನು ನಿಮ್ಮ ಅತ್ತೆಯ ಹಿಂದೆ ಇದ್ದೆ, ಕೂಗು ಕೇಳಿ ನೋಡಿದೆ, ಅವಳು ಆಗಲೇ ಆ ಕಡೆಗೆ ತಿರುಗಿದ್ದಳು. ಅವಳು ತಿರುಗಿದ್ದನ್ನು ಕಂಡದ್ದರಿಂದಲೇ ನಾನು ರೇಸ್ ಮುಂದುವರಿಸಿದೆ, ಮತ್ತು ಅಂದಿನ ಮೊದಲ ಸ್ಥಾನ ನನಗೆ ಹಾಗೆ ಬಂತು. ಇದನ್ನು ಸಾಕ್ಷಿಯಾಗಿ ಬರೆದು ಸಹಿ ಹಾಕುತ್ತೇನೆ. ಗೆದ್ದವನೆಂದು ಪಟ್ಟಿಯಲ್ಲಿರುವವನೇ ಬರೆದರೆ ಹಂಚಿಕೊಂಡರು ಎನ್ನುವ ಮಾತಿಗೂ ಎಡೆ ಇರುವುದಿಲ್ಲ.

ಅತ್ತೆ: ಅಣ್ಣ, ನೀನು ಬರೆಯುವುದಾದರೆ ಒಂದು ಷರತ್ತಿದೆ. ಡ್ಯೂಟಿ ಮಾಡಿ 13 ಹಾಕಿಸಿಕೊಂಡವಳು ನಾನೊಬ್ಬಳೇ ಅಲ್ಲ. ರೆಸ್ಕ್ಯೂ ಬೋಟಿನಲ್ಲಿ, ಕಮಿಟಿ ಬೋಟಿನಲ್ಲಿ ತಮ್ಮ ರೇಸನ್ನು ಬಿಟ್ಟು ಕುಳಿತ ಎಲ್ಲರಿಗೂ, ಕೇಳಿರಲಿ ಕೇಳದಿರಲಿ, ಸರಾಸರಿ ಹಾಕಿರಿ. ಆ ದಿನ ಹುಡುಗನನ್ನು ನೀರಿನಿಂದ ಎತ್ತಿದ ಇಬ್ಬರ ಹೆಸರು ಈ ಪ್ರಶಸ್ತಿ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಅವರಲ್ಲಿ ಒಬ್ಬರು ಸೀಸನ್ ಅಂಕಗಳಲ್ಲಿ ಐದನೆಯ ಸ್ಥಾನದಲ್ಲಿದ್ದಾರೆ, ಅವರ ಲೆಕ್ಕವೂ ಬದಲಾಗಬಹುದು. ನನ್ನ ಒಬ್ಬಳ ಸಾಲನ್ನು ತಿದ್ದುವುದಾದರೆ ಬೇಡ.

ನಾನು: ಅತ್ತೆ, ಅದು ನನಗೆ ಹೊಳೆದೇ ಇರಲಿಲ್ಲ. ನೀವು ಹೇಳಿದ್ದು ಸರಿ.

ಚಿಕ್ಕಪ್ಪ: ಇಡೀ ಶೀಟನ್ನು ಮತ್ತೆ ಹಾಕುತ್ತೇನೆ, ಅಕ್ಕ. ಡ್ಯೂಟಿ ರಿಜಿಸ್ಟರ್ ಕ್ಲಬ್ಬಿನಲ್ಲಿದೆ, ಒಂಬತ್ತನೆಯ ರೇಸಿನ ಪುಟ ನೀರು ಬಿದ್ದು ಅಳಿಸಿಹೋಗಿದೆ. ಅಂದು ನಿನ್ನ ಜೊತೆ ಬೋಟಿನಲ್ಲಿ ಯಾರಿದ್ದರು ಎಂದು ನೆನಪಿದ್ದರೆ ಈಗಲೇ ತಿಳಿಸು.

ತಂಗಿ: ಕೆತ್ತುವವರಿಗೆ ಕರೆ ಮಾಡಿದೆ. ಶುಕ್ರವಾರ ಮಧ್ಯಾಹ್ನದವರೆಗೆ ಕಾಯುತ್ತಾರೆ.