ಮೂರೇ ತಿಂಗಳಲ್ಲಿ ಐನೂರು ಹುಲಿ ಹೆಚ್ಚಾದದ್ದು ಹೇಗೆ?

ಕಾಡಂಚಿನ ಮೇಷ್ಟ್ರು:
2023ರ ಏಪ್ರಿಲ್‌ನಲ್ಲಿ ಮೈಸೂರಿನಲ್ಲಿ ಬಿಡುಗಡೆಯಾದ ವರದಿ ದೇಶದ ಹುಲಿಗಳ ಸಂಖ್ಯೆ 3,167 ಎಂದಿತು. ಅದೇ ವರ್ಷದ ಜುಲೈನಲ್ಲಿ ಅದು 3,682 ಆಯಿತು. ಎರಡೂ 2022ರ ಗಣತಿಯವೇ. ತರಗತಿಯಲ್ಲಿ ಹುಡುಗಿಯೊಬ್ಬಳು ಇದನ್ನು ಕೇಳಿದಾಗ ನಾನು ತಡವರಿಸಿದೆ. ಗಣತಿಗಾಗಿ ಕಾಡಿನಲ್ಲಿ ಕಟ್ಟುವ ಕ್ಯಾಮೆರಾಗಳಿಗೆ ಎಲ್ಲ ಹುಲಿಗಳೂ ಸಿಗುವುದಿಲ್ಲವೆಂದ ಮೇಲೆ ಒಟ್ಟು ಸಂಖ್ಯೆಯನ್ನು ಹೇಗೆ ಹೇಳುತ್ತಾರೆ? ಹಿಂದೆ ಇದ್ದ ಹೆಜ್ಜೆಗುರುತಿನ ಎಣಿಕೆಯನ್ನು ಏಕೆ ಬಿಟ್ಟರು?

ಅವರೆಕಾಳು:
ಮೇಷ್ಟ್ರೇ, ಮೊದಲಿನದು ಕನಿಷ್ಠ ಅಂದಾಜು. ಎರಡನೆಯದು ಸರಾಸರಿ ಅಂದಾಜು, ಅದರ ಮೇಲಿನ ಮಿತಿ 3,925. ಪತ್ರಿಕೆಗಳು ಮಿತಿಗಳನ್ನು ಬಿಟ್ಟು ಒಂದೇ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿದ್ದರಿಂದಲೇ ಈ ಗೊಂದಲ. ತರಗತಿಗೆ ಒಂದು ಡಬ್ಬಿ ಅವರೆಕಾಳು ಒಯ್ಯಿರಿ. ಇಪ್ಪತ್ತು ಕಾಳಿಗೆ ಶಾಯಿ ಹಚ್ಚಿ, ಮತ್ತೆ ಡಬ್ಬಿಗೆ ಹಾಕಿ ಚೆನ್ನಾಗಿ ಕಲಸಿ, ಕಣ್ಣು ಮುಚ್ಚಿ ಇಪ್ಪತ್ತು ಕಾಳು ತೆಗೆಯಿರಿ. ಅವುಗಳಲ್ಲಿ ಐದಕ್ಕೆ ಶಾಯಿ ಇದ್ದರೆ ಡಬ್ಬಿಯಲ್ಲಿ ಸುಮಾರು ಎಂಬತ್ತು ಕಾಳಿವೆ ಎಂದರ್ಥ. ಹುಲಿಗೆ ಶಾಯಿ ಹಚ್ಚಬೇಕಿಲ್ಲ, ಒಂದರ ಪಟ್ಟೆ ಇನ್ನೊಂದಕ್ಕಿಲ್ಲವಾದ್ದರಿಂದ ಪಟ್ಟೆಯೇ ಗುರುತು; ಮೊದಲ ಸಲ ಚಿತ್ರಕ್ಕೆ ಸಿಕ್ಕ ಹುಲಿಗಳಲ್ಲಿ ಎಷ್ಟು ಮತ್ತೆ ಸಿಕ್ಕವೆಂದು ನೋಡುತ್ತಾರೆ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿಯೇ ಈ ತರ್ಕದ ಮೇಲೆ ಕ್ಯಾಮೆರಾ ಕಟ್ಟಿ ಹುಲಿಗಳ ಅಂದಾಜು ಮಾಡಿದ್ದರು.

ಹೆಜ್ಜೆಗುರುತಿನ ವಿಷಯ: ಒಂದೇ ಹುಲಿಯ ಪಾದ ಒದ್ದೆ ಮರಳಿನಲ್ಲಿ ಒಂದು ಬಗೆ, ಒಣ ಧೂಳಿನಲ್ಲಿ ಇನ್ನೊಂದು ಬಗೆಯಾಗಿ ಮೂಡುತ್ತದೆ. ರಾಜಸ್ಥಾನದ ಸರಿಸ್ಕಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹೆಜ್ಜೆಗುರುತಿನ ದಾಖಲೆಯ ಪ್ರಕಾರ ಹುಲಿಗಳು ಇದ್ದೇ ಇದ್ದವು, ಆದರೆ 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ.

ಹಳೆಯ ಸ್ವಯಂಸೇವಕ:
ಕ್ಯಾಮೆರಾ ಕಟ್ಟುವ ಕೆಲಸಕ್ಕೆ ನಾನೂ ಹೋಗಿದ್ದೆ. ಹುಲಿಯ ಎಡಮೈಯ ಪಟ್ಟೆಗೂ ಬಲಮೈಯ ಪಟ್ಟೆಗೂ ಹೋಲಿಕೆ ಇರುವುದಿಲ್ಲವಾದ್ದರಿಂದ ಕಾಡುದಾರಿಯ ಎರಡೂ ಬದಿಯ ಮರಗಳಿಗೆ, ಮೊಣಕಾಲೆತ್ತರದಲ್ಲಿ, ಒಂದೊಂದು ಕ್ಯಾಮೆರಾ ಕಟ್ಟಬೇಕು. ಎದುರಿನ ಹುಲ್ಲನ್ನು ಬುಡಸಮೇತ ಕೀಳದಿದ್ದರೆ ಬಿಸಿಲಿನಲ್ಲಿ ತೂಗಾಡುವ ಹುಲ್ಲಿನದೇ ಸಾವಿರ ಚಿತ್ರಗಳು ಬರುತ್ತವೆ. ನಮ್ಮ ಒಂದು ಕ್ಯಾಮೆರಾದ ಕೊನೆಯ ಚಿತ್ರದಲ್ಲಿ ಆನೆಯ ಸೊಂಡಿಲ ತುದಿ ಮಾತ್ರ ಇತ್ತು. ಕ್ಯಾಮೆರಾ ಸಿಕ್ಕಿದ್ದು ಹತ್ತು ಮಾರು ದೂರದ ಲಂಟಾನದ ಪೊದೆಯಲ್ಲಿ.

ಕಾಡಂಚಿನ ಮೇಷ್ಟ್ರು:
ಅವರೆಕಾಳಿನ ಲೆಕ್ಕ ನನಗೇ ಮೊದಲು ಅರ್ಥವಾಯಿತು, ಧನ್ಯವಾದ. ಆದರೆ ಕರ್ನಾಟಕದಲ್ಲಿ ಹಿಂದಿನ ಗಣತಿಯಲ್ಲಿ 524 ಇದ್ದದ್ದು ಈ ಗಣತಿಯಲ್ಲಿ 563 ಆಯಿತೆಂದು ತಿಳಿದರೆ ಕಾಡಿನ ರಕ್ಷಣೆಗೆ ಏನು ಸಿಕ್ಕಂತಾಯಿತು?

ಅವರೆಕಾಳು:
ಆ ಅಂಕಿಯೊಂದರಿಂದಲೇ ಹೆಚ್ಚೇನೂ ಇಲ್ಲವೆಂಬುದು ನನ್ನ ಅಭಿಪ್ರಾಯ. ದೇಶದ ಗಣತಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ವಿಷ ಬೆರೆತ ಹಸುವಿನ ಮಾಂಸ ತಿಂದು ತಾಯಿಹುಲಿ ಮತ್ತು ನಾಲ್ಕು ಮರಿಗಳು ಸತ್ತಂತಹ ನಷ್ಟವು ಅಷ್ಟು ಹೊತ್ತಿಗೆ ಸರಾಸರಿಯಲ್ಲಿ ಕರಗಿಹೋಗಿರುತ್ತದೆ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ವರ್ಷವರ್ಷವೂ ಕ್ಯಾಮೆರಾ ಇಡುವುದು ಅದಕ್ಕಾಗಿಯೇ. ಕಳೆದ ಸಾಲಿನ ಯಾವ ಹುಲಿ ಈ ಸಲ ಕಾಣಲಿಲ್ಲ, ಯಾವ ಹೆಣ್ಣು ಮರಿಗಳೊಂದಿಗೆ ಬಂದಿದೆ ಎಂಬುದು ಹೆಸರು ಹಿಡಿದು ಹಾಜರಿ ಕೂಗಿದಂತೆ ತಿಳಿಯುತ್ತದೆ. ಎಲ್ಲೋ ಚರ್ಮ ಸಿಕ್ಕಿಬಿದ್ದರೂ ಪಟ್ಟೆ ಹೋಲಿಸಿ ಅದು ಯಾವ ಕಾಡಿನದೆಂದು ಹೇಳಬಹುದು, ಆದರೆ ಆ ಹುಲಿ ಬದುಕಿದ್ದಾಗ ಒಮ್ಮೆಯಾದರೂ ಕ್ಯಾಮೆರಾದ ಮುಂದೆ ಹಾದುಹೋಗಿರಬೇಕು.