ವೋಲ್ಟೇಜ್ ಡಲ್ ಇದ್ದಾಗ ಹೀಟರ್ ರಾಡ್ ಜಾಸ್ತಿ ಕರೆಂಟ್ ಎಳೆಯುತ್ತಾ?

ತೋಟದಮನೆ:
ನಮ್ಮದು ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ನಡುವೆ ಒಂಟಿ ಮನೆ. ಸ್ನಾನಕ್ಕೆ ಬಚ್ಚಲೊಲೆ, ಹಂಡೆ ಎಲ್ಲ ಇದೆ. ಆದರೆ ಈ ಸಲದ ಮಳೆಗೆ ಸೌದೆ ಒದ್ದೆಯಾಗಿ ಬರೀ ಹೊಗೆ. ಅದಕ್ಕೇ ಒಂದು ಹೀಟರ್ ರಾಡ್ ತಂದೆ. ಮೇಲೆ 230 ವೋಲ್ಟ್, 1500 ವ್ಯಾಟ್ ಅಂತ ಬರೆದಿದೆ. ಶಿವಮೊಗ್ಗದಲ್ಲಿ ತಂಗಿ ಮನೆಯಲ್ಲೂ ಇಂಥದ್ದೇ ರಾಡ್. ಅಲ್ಲಿ ಒಂದು ಬಕೆಟ್ ನೀರು ಅರ್ಧ ಗಂಟೆಗೆ ಕಾಯುತ್ತದೆ. ನಮ್ಮಲ್ಲಿ ಗಂಟೆ ಹತ್ತಿರ ಬೇಕು.

ನಮ್ಮ ಲೈನಿನಲ್ಲಿ ವೋಲ್ಟೇಜ್ ಯಾವಾಗಲೂ ಡಲ್. ಮೀಟರ್ ಇಟ್ಟು ನೋಡಿದೆ. ರಾಡ್ ಹಾಕುವ ಮುಂಚೆ 184, ಹಾಕಿದ ಮೇಲೆ 170. ಅಮ್ಮ ಹೇಳುವುದೇನೆಂದರೆ, ಡಲ್ ಇದ್ದಾಗ ರಾಡ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಬಿಲ್ ಡಬಲ್ ಬರುತ್ತದೆ ಅಂತ. ಪಂಪಿನ ಮೋಟಾರ್ ಎರಡು ಸಲ ಸುಟ್ಟಿದ್ದೇ ಅದಕ್ಕೆ ಸಾಕ್ಷಿಯಂತೆ. ನಾನೂ ಲೆಕ್ಕ ಹಾಕಿದೆ. 1500ನ್ನು 170ರಿಂದ ಭಾಗಿಸಿದರೆ 8.8 ಆಂಪ್ಸ್. ಅಮ್ಮ ಹೇಳಿದ್ದೇ ಸರಿ ಅನ್ನಿಸಿತು. ಆದರೆ ಪಕ್ಕದ ಮನೆಯವರ ಕ್ಲಾಂಪ್ ಮೀಟರ್ (ವೈರಿಗೆ ಕಚ್ಚಿಸಿ ಆಂಪ್ಸ್ ಅಳೆಯುವುದು) ತಂದು ಹಾಕಿದರೆ ಬರೀ 4.8! ಮೀಟರ್ ಕೆಟ್ಟಿದೆಯಾ, ರಾಡ್ ಡೂಪ್ಲಿಕೇಟಾ, ನನ್ನ ಲೆಕ್ಕ ತಪ್ಪಾ?

ಹಳೇ ಮೇಷ್ಟ್ರು:
ಮೀಟರೂ ಸರಿ ಇದೆ, ರಾಡೂ ಸರಿ ಇದೆ. ನೀವು 1500ನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೇ ಎಡವಟ್ಟು. ಅದು 230 ವೋಲ್ಟ್ ಕೊಟ್ಟಾಗ ಬರುವ ವ್ಯಾಟ್. ಹೀಟರ್ ರಾಡಿನಲ್ಲಿ ಹೆಚ್ಚುಕಡಿಮೆ ಬದಲಾಗದೆ ಇರುವುದು ಅದರ ರೋಧ, ಅಂದರೆ ಕರೆಂಟ್ ಹರಿಯಲು ತಂತಿ ಒಡ್ಡುವ ಅಡ್ಡಿ; ಅದರ ಅಳತೆ ಓಮ್. ಅದನ್ನು ಮೊದಲು ಕಂಡುಹಿಡಿಯಿರಿ. 1500 ÷ 230 ಅಂದರೆ 6.52 ಆಂಪ್ಸ್. 230 ÷ 6.52 ಅಂದರೆ 35.3 ಓಮ್. ಈಗ ನಿಮ್ಮ ಮನೆಯ 170ನ್ನು ಈ 35.3ರಿಂದ ಭಾಗಿಸಿ. 4.8 ಬಂತು ಅಲ್ವಾ? ವ್ಯಾಟ್ ಬೇಕಾದರೆ 170 × 4.8 = 816. ವೋಲ್ಟೇಜ್ ಕಾಲು ಭಾಗ ಇಳಿದರೆ ಆಂಪ್ಸೂ ಕಾಲು ಭಾಗ ಇಳಿಯುತ್ತದೆ. ಎರಡೂ ಇಳಿದವನ್ನೇ ಗುಣಿಸುವುದರಿಂದ ವ್ಯಾಟ್ ಹತ್ತಿರ ಹತ್ತಿರ ಅರ್ಧಕ್ಕೆ ಬರುತ್ತದೆ.

ಬಿಲ್ ಡಬಲ್ ಆಗುವುದಿಲ್ಲ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಏರಿಸಲು ಸುಮಾರು 0.7 ಯೂನಿಟ್ ಬೇಕು. ತಂಗಿ ಮನೆಯಲ್ಲಿ ಅದು 28 ನಿಮಿಷದಲ್ಲಿ ಖರ್ಚಾಗುತ್ತದೆ, ನಿಮ್ಮಲ್ಲಿ 51 ನಿಮಿಷದಲ್ಲಿ. ನಿಧಾನಕ್ಕೆ ಕಾಯುವಾಗ ಗಾಳಿಗೆ ಹೋಗುವ ಬಿಸಿ ಸ್ವಲ್ಪ ಜಾಸ್ತಿ, ಅದು ಚಿಲ್ಲರೆ. ನಮ್ಮ ಜನಕ್ಕೆ ಆಂಪ್ಸೂ ಕರೆಂಟೇ, ಯೂನಿಟ್ಟೂ ಕರೆಂಟೇ, ಲೈನ್ ಹೋದರೂ ‘ಕರೆಂಟ್ ಹೋಯ್ತು’. ಅಷ್ಟು ವರ್ಷ ಪಾಠ ಮಾಡಿದ ನಾನೂ ಮನೆಯಲ್ಲಿ ಹಾಗೇ ಅನ್ನುವುದು.

ರಿವೈಂಡಿಂಗ್ ಅಂಗಡಿ:
ಅಮ್ಮನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ ಸಾರ್. ಮೋಟಾರಿನ ಮಟ್ಟಿಗೆ ಅವರು ಹೇಳಿದ್ದು ನಿಜ. ಮೇಷ್ಟ್ರ ಭಾಗಾಕಾರ ಅಲ್ಲಿ ನಡೆಯುವುದಿಲ್ಲ. ಪಂಪ್ ನೀರು ಎತ್ತಲೇಬೇಕು. ವೋಲ್ಟೇಜ್ ಇಳಿದರೆ ಆಂಪ್ಸ್ ಏರಿಸಿಕೊಂಡು ಒದ್ದಾಡುತ್ತದೆ. 5 ಆಂಪ್ಸಿನ ಮೋಟಾರ್ 7 ಎಳೆದರೆ ವೈಂಡಿಂಗಿನ ಬಿಸಿ ಒಂದೂವರೆ ಪಟ್ಟೂ ಅಲ್ಲ, ಡಬಲ್ ಆಗುತ್ತದೆ. ಬಿಸಿ ಆಂಪ್ಸಿನ ವರ್ಗದ ಲೆಕ್ಕದಲ್ಲಿ ಏರುವುದು. 5 × 5 = 25 ಇದ್ದದ್ದು 7 × 7 = 49. ವಾರ್ನಿಷ್ ಕಪ್ಪಾಗಿ ವಾಸನೆ ಬಂದ ಮೇಲೆ ನಮ್ಮ ಹತ್ತಿರ ತರುತ್ತಾರೆ.

ಅದಿರಲಿ, ನನಗೆ ಅನುಮಾನ ಬಂದಿದ್ದು ನಿಮ್ಮ 184 ಮತ್ತು 170 ನೋಡಿ. ರಾಡ್ ಹಾಕಿದ ಕೂಡಲೇ ಆ 14 ವೋಲ್ಟ್ ಎಲ್ಲಿ ಹೋಯಿತು? 14 ÷ 4.8, ಸುಮಾರು 2.9 ಓಮ್ ದಾರಿಯಲ್ಲಿ ಎಲ್ಲೋ ಕೂತಿದೆ. 14 × 4.8, ಅಂದರೆ 67 ವ್ಯಾಟ್ ದಾರಿಯಲ್ಲೇ ಬಿಸಿಯಾಗುತ್ತಿದೆ. ಉದ್ದ ವೈರಿನಲ್ಲಿ ಹರಡಿಕೊಂಡಿದ್ದರೆ ಅಷ್ಟು ತೊಂದರೆ ಇಲ್ಲ. ಒಂದೇ ಜಾಯಿಂಟಿನಲ್ಲಿದ್ದರೆ ಅಲ್ಲಿ ದೊಡ್ಡ ಸೋಲ್ಡರಿಂಗ್ ಐರನ್ ಸಿಕ್ಕಿಸಿಟ್ಟ ಹಾಗೆ. ಮೇನ್ ಸ್ವಿಚ್ ಹತ್ತಿರ ಸುಟ್ಟ ವಾಸನೆ ಇದೆಯಾ, ಪ್ಲಾಸ್ಟಿಕ್ ಕಂದಾಗಿದೆಯಾ, ಹೊರಗಿಂದ ನೋಡಿ. ಮಳೆಗಾಲ, ನೀವೇ ಬಿಚ್ಚಲು ಹೋಗಬೇಡಿ.

ಸುಮ್ನೆ ಕೇಳ್ದೆ:
ನಡುವೆ ನಂದೊಂದು. ಹಳೇ 100 ವ್ಯಾಟಿನ ಬುರುಡೆ ಬಲ್ಬನ್ನು ಮಲ್ಟಿಮೀಟರಿನಲ್ಲಿ ಅಳೆದೆ. 40 ಓಮ್. ಆ ಲೆಕ್ಕಕ್ಕೆ 1300 ವ್ಯಾಟ್ ಬರಬೇಕಲ್ಲ?

ಹಳೇ ಮೇಷ್ಟ್ರು:
ನೀವು ಅಳೆದದ್ದು ತಣ್ಣಗಿರುವ ಬಲ್ಬನ್ನು. ಉರಿಯುವಾಗ ಟಂಗ್‌ಸ್ಟನ್ ತಂತಿ 2000 ಡಿಗ್ರಿ ದಾಟಿರುತ್ತದೆ, ರೋಧ 529 ಓಮ್ ಆಗಿರುತ್ತದೆ. ಸ್ವಿಚ್ ಹಾಕಿದ ಮೊದಲ ಕ್ಷಣ ಅದು ನಿಜವಾಗಿಯೂ ಅಷ್ಟು ಎಳೆಯುತ್ತದೆ. ಹಳೇ ಬಲ್ಬ್ ಎಷ್ಟೋ ಸಲ ಸ್ವಿಚ್ ಹಾಕುವಾಗಲೇ ‘ಟಪ್’ ಅನ್ನುತ್ತಿದ್ದದ್ದು ನೆನಪಿದೆಯಾ? ಹೀಟರ್ ರಾಡಿನಲ್ಲಿರುವುದು ನೈಕ್ರೋಮ್. ಬಿಸಿಯಾದರೂ ಅದರ ರೋಧ ಸ್ವಲ್ಪವೇ ಏರುತ್ತದೆ. ಅದಕ್ಕೇ ಅಲ್ಲಿ ನಮ್ಮ ಲೆಕ್ಕ ಕೂತಿತು.

ತೋಟದಮನೆ:
ನಾಲ್ಕು ದಿನ ಆಯಿತು, ತಡವಾಗಿದ್ದಕ್ಕೆ ಬೇಜಾರಾಗಬೇಡಿ. ರಿವೈಂಡಿಂಗ್ ಅಂಗಡಿಯವರ ಬಾಯಿಗೆ ಸಕ್ಕರೆ ಹಾಕಬೇಕು. ರಾಡ್ ಹಾಕಿ ಹತ್ತು ನಿಮಿಷ ಬಿಟ್ಟು ಮೇನ್ ಸ್ವಿಚ್ ಡಬ್ಬದ ಹತ್ತಿರ ಹೋದರೆ ಮೀನು ಸುಟ್ಟ ಹಾಗೆ ವಾಸನೆ. ನಾವು ಮೀನು ತಿನ್ನುವವರಲ್ಲ! ಕೂಡಲೇ ರಾಡ್ ಆಫ್ ಮಾಡಿದೆ. ಲೈನ್‌ಮನ್ ಬಂದು ಕಂಬದಲ್ಲಿ ಲೈನ್ ತೆಗೆದ ಮೇಲೆ ವೈರ್‌ಮನ್ ಡಬ್ಬ ಬಿಚ್ಚಿದರು. ನ್ಯೂಟ್ರಲ್ ಸ್ಕ್ರೂ ಸಡಿಲ, ವೈರಿನ ತುದಿ ಇದ್ದಿಲು. ಕತ್ತರಿಸಿ, ಹೊಸ ಲಗ್ ಹಾಕಿ ಬಿಗಿ ಮಾಡಿದರು.

ಈಗ ರಾಡ್ ಹಾಕಿದ ಮೇಲೂ 181 ಇದೆ. ಮೇಷ್ಟ್ರ ಹಾಗೆ ನಾನೇ ಭಾಗಿಸಿದೆ: 5.1 ಆಂಪ್ಸ್, 923 ವ್ಯಾಟ್. ನೀರು ಮುಕ್ಕಾಲು ಗಂಟೆಗೆ ಕಾಯುತ್ತಿದೆ. ಹೊರಗಿನ ಲೈನಿನ 184ಕ್ಕೆ ನಾನೇನೂ ಮಾಡುವಂತಿಲ್ಲ. ಮಳೆ ಬಿಟ್ಟು ಪಂಪ್ ಶುರು ಮಾಡಿದ ದಿನ ಕ್ಲಾಂಪ್ ಮೀಟರ್ ಹಾಕಿ ಮೋಟಾರ್ ಎಷ್ಟು ಆಂಪ್ಸ್ ಎಳೆಯುತ್ತದೆ ಅಂತ ಇಲ್ಲೇ ಬರೆಯುತ್ತೇನೆ. ಪಕ್ಕದ ಮನೆಯವರು ಮೀಟರ್ ವಾಪಸ್ ಕೇಳದಿದ್ದರೆ.